ಗಂಟಲಿಗೆ ಬಂದ ಅಕ್ಕ

ಲಾಂಡ್ರಿಯಲ್ಲಿ ಆವಿ ಇಸ್ತ್ರಿಯ ಮುಂದೆ ನಿಂತವರು ಯಾರೂ ಒಣ ಬಟ್ಟೆಯಲ್ಲಿ ಮನೆಗೆ ಹೋಗುವುದಿಲ್ಲ. ಅಲ್ಲಿ ಹನ್ನೆರಡು ವರ್ಷದಿಂದ ಹೋಟೆಲಿನ ಹೊದಿಕೆಗಳನ್ನು ಇಸ್ತ್ರಿ ಮಾಡುತ್ತಿದ್ದ ಈ ಹೆಂಗಸು ಮಾತ್ರ ಆ ವರ್ಷ ಬೆವರುವುದನ್ನೇ ನಿಲ್ಲಿಸಿದಳು. ಉಳಿದವರು ತೊಯ್ದು ತೊಪ್ಪೆಯಾದರೆ ಇವಳು ಸ್ವೆಟರ್ ಹಾಕಿಕೊಂಡು ನಡುಗುತ್ತಿದ್ದಳು. ಮೇಸ್ತ್ರಿ ಅದನ್ನೇ ದೊಡ್ಡ ಯೋಗ್ಯತೆಯೆಂದು ತಿಳಿದು ಎಲ್ಲಕ್ಕಿಂತ ಬಿಸಿಯಾದ ಯಂತ್ರವನ್ನು ಇವಳ ತಲೆಗೆ ಕಟ್ಟಿದ. ಇಂಥ ಬುದ್ಧಿವಂತರು ಎಲ್ಲ ಕಡೆಯೂ ಇರುತ್ತಾರೆ.

ತಿನ್ನುವುದು ನಾಲ್ಕು ತುತ್ತು, ಮೈ ಮಾತ್ರ ತಿಂಗಳು ತಿಂಗಳೂ ದಪ್ಪ. ಮುಖ ಊದಿತು, ಹುಬ್ಬಿನ ತುದಿಯ ಕೂದಲು ಉದುರಿತು. "ಕದ್ದು ತಿಂತಾಳೆ," ಎಂದು ಜೊತೆಯವರು ನಕ್ಕರು. ಅವಳ ತಾಯಿ ನಗಲಿಲ್ಲ. ಒಂದು ಸಂಜೆ ಮಗಳು ಬಾಗಿಲಲ್ಲಿ ನಿಂತು "ಅಮ್ಮಾ" ಎಂದಾಗ ಮುದುಕಿಯ ಕೈಯಿಂದ ಪಾತ್ರೆ ಜಾರಿ ಬಿತ್ತು. ಅದು ಸತ್ತ ಹಿರಿಮಗಳ ದನಿ. ದಪ್ಪ, ಒರಟು, ಬಾವಿಯ ತಳದಿಂದ ಎದ್ದು ಬಂದ ಹಾಗೆ.

ಅಕ್ಕ ಸತ್ತು ಮೂರು ವರ್ಷವಾಗಿತ್ತು. ಅವಳೂ ಹೀಗೇ ಊದಿದ್ದಳು, ಬಿರುಬೇಸಿಗೆಯಲ್ಲಿ ಕಂಬಳಿ ಹೊದೆಯುತ್ತಿದ್ದಳು. ಸೋಮಾರಿ ಎಂದು ಬೈಸಿಕೊಂಡು, ಚಳಿಗಾಲದ ಒಂದು ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅವಳ ಎಂಟು ವರ್ಷದ ಮಗಳು ಈಗ ಚಿಕ್ಕಮ್ಮನ ಮಡಿಲಲ್ಲೇ ಬೆಳೆಯುತ್ತಿದ್ದಳು.

"ಅವಳೇ ನಿನ್ನೊಳಗೆ ಬಂದು ಕೂತಿದ್ದಾಳೆ ಕಣೇ," ಎಂದಳು ತಾಯಿ.

ಹುಡುಗಿಗೆ ಮಾತ್ರ ಹೆದರಿಕೆಯೇ ಇಲ್ಲ. ಕಣ್ಣು ಮುಚ್ಚಿ ಮಲಗಿ, "ಇನ್ನೊಂದು ಕಥೆ ಹೇಳು," ಎನ್ನುತ್ತಿದ್ದಳು. ಚಿಕ್ಕಮ್ಮ ಕನ್ನಡಿಯ ಮುಂದೆ ನಿಂತರೆ ಅಲ್ಲಿ ಅಕ್ಕ ತಲೆ ಬಾಚುತ್ತಿದ್ದಳು. ಇವಳಿಗೆ ಭಯವಾಗುತ್ತಿತ್ತು; ಹೇಳಿಕೊಳ್ಳಲು ನಾಚಿಕೆಯಾದರೂ ಒಂದಿಷ್ಟು ಸಂತೋಷವೂ ಆಗುತ್ತಿತ್ತು.

ರಕ್ತಪರೀಕ್ಷೆ ನೋಡಿದ ಡಾಕ್ಟರಮ್ಮ ಹುಡುಗಿಯ ಎದುರಿಗೇ ಹೇಳಿದರು: "ಥೈರಾಯ್ಡ್ ಕೆಲಸ ತೀರಾ ಕಮ್ಮಿಯಾಗಿದೆ. ಅದಕ್ಕೇ ರಕ್ತದಲ್ಲಿ ಕೊಬ್ಬು ಏರಿದೆ, ಹೃದಯ ಮೆಲ್ಲಗೆ ಬಡೀತಿದೆ. ಈ ತೂಕ ಎಲ್ಲಾ ಊಟದ್ದಲ್ಲಮ್ಮ, ಮೈಯಲ್ಲಿ ನೀರೂ ನಿಂತಿದೆ. ನಿಮ್ಮಕ್ಕನಿಗೂ ಇದೇ ಇದ್ದಿರಬೇಕು. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ತಗೊಳ್ಳಿ. ದನಿನೂ ಮೊದಲಿನ ಹಾಗಾಗುತ್ತೆ."

ಮಾತ್ರೆ ಕೊಡುವ ಕೆಲಸವನ್ನು ಹುಡುಗಿ ತಾನೇ ವಹಿಸಿಕೊಂಡಳು. ಎರಡು ತಿಂಗಳು ಕಳೆದರೂ ಗುಣ ಕಾಣಲಿಲ್ಲ, ನಾಡಿ ಇನ್ನಷ್ಟು ಇಳಿಯಿತು. "ನಿಜವಾಗ್ಲೂ ತಗೋತಿದ್ದೀರಾ? ಹೀಗೇ ಬಿಟ್ಟರೆ ಜೀವಕ್ಕೇ ಕುತ್ತು," ಎಂದರು ಡಾಕ್ಟರಮ್ಮ.

ಮರುದಿನ ಬೆಳಿಗ್ಗೆ ಚಿಕ್ಕಮ್ಮ, ಹುಡುಗಿ ಅಂಗೈಗಿಟ್ಟ ಮಾತ್ರೆಯನ್ನು ಮೊದಲ ಸಲ ಬೆಳಕಿಗೆ ಹಿಡಿದು ನೋಡಿದಳು. ಅದು ಅಜ್ಜಿಯ ವಿಟಮಿನ್ ಮಾತ್ರೆ. ಡಾಕ್ಟರಮ್ಮ ಬರೆದುಕೊಟ್ಟ ಮಾತ್ರೆಗಳೆಲ್ಲ ಹುಡುಗಿಯ ಪೆನ್ಸಿಲ್ ಡಬ್ಬಿಯಲ್ಲಿದ್ದವು.

"ಯಾಕೆ ಹೀಗೆ ಮಾಡ್ದೆ?"

"ಅದನ್ನ ತಿಂದ್ರೆ ನೀನು ಬರೀ ಚಿಕ್ಕಮ್ಮ ಆಗಿಬಿಡ್ತೀಯ."

ಚಿಕ್ಕಮ್ಮನ ಸಿಟ್ಟು ನೆತ್ತಿಗೇರಿ, ಅಲ್ಲೇ ಕರಗಿತು. "ಈ ಮಾತ್ರೆ ಸಿಗದೇ ನಿಮ್ಮಮ್ಮ ಹೋದ್ಲು. ನಾನೂ ಹೋಗ್ತೀನಿ."

"ಅಮ್ಮ ಎಲ್ಲಿ ಹೋದ್ಲು? ಇಲ್ಲೇ ಇದ್ದಾಳಲ್ಲ!" ಹುಡುಗಿ ಡಬ್ಬಿಯನ್ನು ಎದೆಗೆ ಅವಚಿಕೊಂಡಳು.

ಬೇರೆ ದಾರಿ ಕಾಣದೆ ಚಿಕ್ಕಮ್ಮ ಮಂಡಿಯೂರಿ ಆ ದಪ್ಪ ದನಿಯನ್ನು ಪೂರ್ತಿ ಹೊರಬಿಟ್ಟಳು. "ಚಿನ್ನಾರೀ, ಅಮ್ಮ ಹೇಳ್ತಿದ್ದೀನಿ. ಚಿಕ್ಕಮ್ಮನಿಗೆ ಮಾತ್ರೆ ಕೊಡು."

ಹಾಗೆ ಕರೆಯುತ್ತಿದ್ದವಳು ಅಕ್ಕ ಮಾತ್ರ. ಇವಳಿಗೆ ಆ ಹೆಸರೇ ಮರೆತುಹೋಗಿತ್ತು. ಬಾಯಿಗೆ ಎಲ್ಲಿಂದ ಬಂತೋ ತಿಳಿಯದೆ ಅವಳ ಮೈ ಜುಮ್ಮೆಂದಿತು.

ಹುಡುಗಿ ಡಬ್ಬಿ ತೆರೆದು ಒಂದು ಮಾತ್ರೆ ಆರಿಸಿ ಅವಳ ಬಾಯಿಗಿಟ್ಟಳು. ನೀರಿನ ಲೋಟ ಹಿಡಿದು, ಊದಿದ ಆ ಕೆನ್ನೆ ಸವರಿದಳು.

"ಹೋಗಿ ಬಾ ಅಮ್ಮ," ಎಂದಳು.