ಗ್ಯಾಫರ್ ಅಂದ ‘ಪರವಾಗಿಲ್ಲ’

2025ರ ಏಪ್ರಿಲ್ 28, ಸೋಮವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಹೆದ್ದಾರಿಯ ಪಕ್ಕದ ಲಾರಿ ನಿಲ್ದಾಣದಲ್ಲಿ ಡೀನ್ ಆರ್ಮರಾಡ್ ಕಾರಿನ ಹಿಂದಿನ ಸೀಟಿನಿಂದ ಮಗಳ ಪುಟ್ಟ ಕುರ್ಚಿಯನ್ನು ಬಿಚ್ಚಿ ಡಿಕ್ಕಿಗೆ ಹಾಕುತ್ತಿದ್ದಾನೆ. ಇನ್ನಿಬ್ಬರು ಬಂದು ಕೂರಬೇಕು, ಅವರಲ್ಲೊಬ್ಬ ಗೋಲ್‌ಕೀಪರ್, ಕಾಲು ಚಾಚಲು ಜಾಗ ಬೇಕು. ಗುಡ್ಡದ ಹಿಂದಿನಿಂದ ಬಿಸಿಲು ಈಗಷ್ಟೇ ಇಣುಕುತ್ತಿದೆ. ಟೀ ಗಾಡಿಯ ಪ್ಯಾಟ್ ತಲೆ ಹೊರಹಾಕಿ ಕೇಳುತ್ತಾಳೆ: “ಟೀ ಹಾಕ್ಲಾ ಕಂದಾ?”

“ಪರವಾಗಿಲ್ಲ ಪ್ಯಾಟ್,” ಎನ್ನುತ್ತಾನೆ ಡೀನ್.

ಪ್ಯಾಟ್ ಮುಂದಿನ ಗಿರಾಕಿಯತ್ತ ತಿರುಗುತ್ತಾಳೆ. ಡೀನ್ ಮಾತ್ರ ಡಿಕ್ಕಿಯ ಬಾಗಿಲು ಹಿಡಿದುಕೊಂಡು ಹಾಗೇ ನಿಂತುಬಿಡುತ್ತಾನೆ. ತಾನು ಹೇಳಿದ್ದು ‘ಬೇಡ’ ಎಂದು. ಅವಳಿಗೂ ‘ಬೇಡ’ ಎಂದೇ ಕೇಳಿಸಿತು. ಹಾಗಾದರೆ ಮೂರು ವಾರದ ಹಿಂದೆ ಗ್ಯಾಫರ್ ತನಗೆ ಹೇಳಿದ್ದೂ ಅದೇನಾ?

ಗ್ಯಾಫರ್ ಎಂದರೆ ತಂಡದ ಮ್ಯಾನೇಜರ್. ಕ್ಲೆದರ್‌ಬಿ ಟೌನ್ ಕ್ಲಬ್ಬಿನ ಗ್ಯಾಫರ್ ಮಿಕ್ ಗಾರ್‌ಸೈಡ್. ಯಾರನ್ನು ಆಡಿಸಬೇಕು, ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಲ್ಲವೂ ಅವನ ಮಾತು. ಇಂಗ್ಲೆಂಡಿನ ವೃತ್ತಿಪರ ಫುಟ್ಬಾಲಿನ ನಾಲ್ಕು ಹಂತಗಳಲ್ಲಿ ಕ್ಲೆದರ್‌ಬಿ ಇರುವುದು ಕಟ್ಟಕಡೆಯದರಲ್ಲಿ. ಡೀನ್ ಅದರ ರೈಟ್ ಬ್ಯಾಕ್, ಬಲಬದಿ ಕಾಯುವವನು. ವಯಸ್ಸು ಮೂವತ್ನಾಲ್ಕು. ಅವನ ಒಪ್ಪಂದ ಜೂನ್ ಕೊನೆಗೆ ಮುಗಿಯುತ್ತದೆ. ಏಪ್ರಿಲ್ ಮೊದಲ ವಾರ, ಅಭ್ಯಾಸ ಮುಗಿಸಿ ಬೂಟಿನ ಮಣ್ಣು ತೊಳೆಯುತ್ತಿದ್ದಾಗ ಗ್ಯಾಫರ್ ಎದುರಾದ. ಡೀನ್ ಧೈರ್ಯ ಮಾಡಿ, “ಗ್ಯಾಫರ್, ಮುಂದಿನ ಸೀಸನ್ ವಿಷಯ... ಒಂದ್ಸಲ ಬಂದು ಮಾತಾಡ್ಲಾ?” ಎಂದ. ಗ್ಯಾಫರ್ ಅವನ ಭುಜ ತಟ್ಟಿ, “ಪರವಾಗಿಲ್ಲ ಬಿಡು, ಡೀನ್,” ಎಂದು ಹೇಳಿ ನಡೆದ.

ನೀನು ಇರ್ತೀಯ, ಅದಕ್ಕೆ ಮಾತು ಯಾಕೆ, ಎಂದೇ? ಅಥವಾ, ಮಾತಾಡುವಂಥದ್ದು ಏನೂ ಉಳಿದಿಲ್ಲ, ಸುಮ್ಮನೆ ಯಾಕೆ ಬರ್ತೀಯ, ಎಂದೇ? ಅಂದಿನಿಂದ ಡೀನ್ ಆ ಮಾತನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾನೆ. ಎರಡನೆಯ ಸಲ ಕೇಳುವಂತಿಲ್ಲ. ಈ ಆಟದವರಲ್ಲಿ ಅದೊಂದು ಕಟ್ಟಳೆಯೇ: ಎರಡು ಸಲ ಕೇಳಿದವನು ಹೆದರಿದವನು, ಹೆದರಿದವನನ್ನು ಯಾರೂ ಇಟ್ಟುಕೊಳ್ಳುವುದಿಲ್ಲ.

ಆರೂ ಮುಕ್ಕಾಲಿಗೆ ಕಾರು ಹೊರಡುತ್ತದೆ. ಇಂಥ ಕ್ಲಬ್ಬುಗಳ ಆಟಗಾರರು ಕ್ಲಬ್ ಇರುವ ಊರಿನಲ್ಲಿ ಮನೆ ಮಾಡುವುದು ಕಡಿಮೆ. ವರ್ಷಕ್ಕೊಂದು ಊರು, ಮಾಡಿ ಏನು ಪ್ರಯೋಜನ? ಹಾಗಾಗಿ ಮೂವರು ನಾಲ್ವರು ಸೇರಿ ಸರದಿಯ ಮೇಲೆ ಕಾರು ತರುತ್ತಾರೆ. ಈ ವಾರ ಡೀನನ ಸರದಿ. ಪಕ್ಕದಲ್ಲಿ, ಸೀಟನ್ನು ಪೂರ್ತಿ ಹಿಂದಕ್ಕೆ ಸರಿಸಿಕೊಂಡು, ಗೋಲ್‌ಕೀಪರ್ ರಸ್ ಹಿಂಚ್‌ಲಿಫ್, ಡೀನನಿಗಿಂತ ಎರಡು ವರ್ಷ ದೊಡ್ಡವನು. ಹಿಂದೆ ಟುಂಡೆ ಅಡೆಯಿಂಕ, ಗೋಲು ಹೊಡೆಯಬೇಕಾದ ಸ್ಟ್ರೈಕರ್, ಇಪ್ಪತ್ಮೂರರ ಹುಡುಗ. ಲಾಗೋಸ್‌ನಿಂದ ಬಂದು ನಾಲ್ಕು ವರ್ಷವಾಯಿತು.

“ಏನಂದ ಅನ್ನೋದು ಬಿಡು. ಏನಂತ ಕರೆದ, ಅದನ್ನ ಹೇಳು,” ಎನ್ನುತ್ತಾನೆ ರಸ್, ಬನ್ನಿನೊಳಗಿನ ಬೇಕನ್ ಜಾರದಂತೆ ಹಿಡಿದುಕೊಂಡು. “ಆರ್ಮೊ ಅಂದ್ನಾ, ಡೀನ್ ಅಂದ್ನಾ?”

“ಡೀನ್.”

“ಮುಗೀತು ಗುರು. ಎರಡು ವರ್ಷದಿಂದ ಆರ್ಮೊ ಅಂತಿದ್ದೋನು ಇದ್ದಕ್ಕಿದ್ದ ಹಾಗೆ ಇಟ್ಟ ಹೆಸರು ಹಿಡಿದು ಕರೆದ ಅಂದ್ರೆ ಗಂಟು ಕಟ್ಕೊ ಅಂತ. ನನ್ನನ್ನ ಹಳೇ ಕ್ಲಬ್ಬಿಂದ ಬಿಟ್ಟಾಗ ‘ರಸೆಲ್’ ಅಂದ್ರು. ನನ್ನ ಅಮ್ಮ ಬಿಟ್ರೆ ಹಾಗೆ ಕರೆದೋರು ಅವರೊಬ್ರೇ.”

“ಭುಜ ತಟ್ಟಿದ ಅಲ್ವಾ?” ಹಿಂದಿನಿಂದ ಟುಂಡೆಯ ಸಮಾಧಾನ. ಮೂವತ್ತು ದಾಟಿದವರೆಲ್ಲ ಅವನಿಗೆ ತಾತ. “ನಮ್ಮ ಕಡೆ ಭುಜ ತಟ್ಟಿದ್ರೆ ಒಳ್ಳೇದೇ, ತಾತ.”

“ನಾಯಿಗೂ ತಟ್ತಾರೆ,” ಎನ್ನುತ್ತಾನೆ ರಸ್.

“ಈ ಪರವಾಗಿಲ್ಲ ಅನ್ನೋ ಮಾತು ನಂಗೆ ಇವತ್ತಿಗೂ ಅರ್ಥ ಆಗಿಲ್ಲ,” ಟುಂಡೆ ಮುಂದಕ್ಕೆ ಬಾಗುತ್ತಾನೆ. “ಬಂದ ಮೊದಲ ವರ್ಷ ಮನೆಯೊಡತಿನ ಕೇಳ್ದೆ, ಅಂಗಡಿವರೆಗೆ ಕಾರಲ್ಲಿ ಬಿಡ್ಲಾ ಅಂತ. ಪರವಾಗಿಲ್ಲ ಮಗಾ ಅಂದ್ರು. ಸರಿ, ಒಪ್ಕೊಂಡ್ರು ಅಂತ ನಾನು ಎಂಜಿನ್ ಶುರು ಮಾಡಿ ಕಾಯ್ತಾ ಕೂತೆ. ಸ್ವಲ್ಪ ಹೊತ್ತಾದ್ಮೇಲೆ ನೋಡ್ತೀನಿ, ಎರಡು ಕೈಲೂ ಚೀಲ ಹಿಡ್ಕೊಂಡು ಅಂಗಡಿಯಿಂದ ವಾಪಸ್ ಬರ್ತಿದ್ದಾರೆ. ‘ಯಾಕಪ್ಪಾ ಇಲ್ಲಿ ಕೂತಿದೀಯ?’ ಅಂತ ನನ್ನನ್ನೇ ಕೇಳಿದ್ರು.”

ಮೂವರೂ ನಗುತ್ತಾರೆ. ಡೀನನ ನಗು ಎಲ್ಲರಿಗಿಂತ ಮೊದಲು ನಿಲ್ಲುತ್ತದೆ.

ಅವನು ಹುಟ್ಟಿದ್ದು ಇದೇ ಗುಡ್ಡಗಳ ಆಚೆ ಬದಿಯ ಊರಿನಲ್ಲಿ. ಅಪ್ಪ ಬಸ್ ಚಾಲಕ. ಒಂಬತ್ತನೆಯ ವಯಸ್ಸಿಗೇ ದೊಡ್ಡ ಕ್ಲಬ್ಬೊಂದರ ತರಬೇತಿ ಶಾಲೆ ಅವನನ್ನು ಆರಿಸಿಕೊಂಡಿತು. ಹದಿನೆಂಟಕ್ಕೆ, ಅವನ ಜೊತೆಗಿದ್ದ ಹೆಚ್ಚಿನವರಂತೆ, ಅವನನ್ನೂ ಹೊರಗೆ ಕಳಿಸಿತು. ಅಂದು ಮನೆಗೆ ಬರುವ ದಾರಿಯಲ್ಲಿ ಅಪ್ಪ “ಚಿಪ್ಸ್ ತಿನ್ತೀಯಾ?” ಎಂದಷ್ಟೇ ಕೇಳಿದನಂತೆ. ಆಮೇಲೆ ಏಳು ಕ್ಲಬ್ಬುಗಳು, ನಾನೂರಕ್ಕೂ ಮಿಕ್ಕಿದ ಪಂದ್ಯಗಳು, ಒಂಬತ್ತು ಗೋಲು. ಅದರಲ್ಲೊಂದು ತನ್ನದೇ ತಂಡದ ಬಲೆಗೆ ಹೋದದ್ದು. ಜನ ನೆನಪಿಟ್ಟಿರುವುದು ಅದನ್ನೇ. ಟೀವಿಯಲ್ಲಿ ಒಮ್ಮೆ ಬಂದಿದ್ದ, ಬಲಮೊಣಕಾಲು ಹಿಡಿದುಕೊಂಡು ಸ್ಟ್ರೆಚರ್ ಮೇಲೆ ಮಲಗಿ.

ಆ ಮೊಣಕಾಲಿಗೆ ಎರಡು ಸಲ ಶಸ್ತ್ರಚಿಕಿತ್ಸೆಯಾಗಿದೆ. ಎರಡನೆಯದರ ನಂತರ ಹನ್ನೊಂದು ತಿಂಗಳು ಮನೆಯಲ್ಲೇ ಇದ್ದ. ಮಗಳು ಈವಿ ನಡೆಯಲು ಕಲಿತದ್ದೂ ಅವನು ಮತ್ತೆ ನಡೆಯಲು ಕಲಿತದ್ದೂ ಒಂದೇ ನಡುಮನೆಯಲ್ಲಿ. “ಅವಳೇ ಮೊದಲು ಓಡಿದ್ದು,” ಎನ್ನುತ್ತಾನೆ. ಈವಿಗೆ ಈಗ ಒಂಬತ್ತು. ಅಪ್ಪನ ದೂರದ ಕ್ಲಬ್ಬುಗಳ ಹಿಂದೆ ಹೋಗಿ ಈಗಾಗಲೇ ಮೂರು ಶಾಲೆ ಕಂಡಿದ್ದಾಳೆ. ನಾಲ್ಕನೆಯದು ಬೇಡ ಎಂದು ಫ್ರಿಜ್ಜಿನ ಬಾಗಿಲ ಮೇಲೆ ಚಿತ್ರ ಬರೆದು ಅಂಟಿಸಿದ್ದಾಳೆ.

ಮೊಣಕಾಲು ಬೆಚ್ಚಗಾಗಲು ಈಗ ಬಹಳ ಹೊತ್ತು ಬೇಕು. ಹುಡುಗರು ತಿಂಡಿಗೆ ಕೂರುವಾಗ ಡೀನ್ ಸೈಕಲ್ ಯಂತ್ರದ ಮೇಲಿರುತ್ತಾನೆ. ಆಮೇಲೆ ಮೈದಾನ, ಆಮೇಲೆ ಐಸ್ ತುಂಬಿದ ತೊಟ್ಟಿ, ಆಮೇಲೆ ಮತ್ತೆ ಹೆದ್ದಾರಿ. “ಇದು ಕೆಲಸ ಅಲ್ಲ ಅಂತಾರೆ ಜನ,” ಎನ್ನುತ್ತಾನೆ. “ಇರಬಹುದು. ಆದ್ರೆ ಹದಿನೆಂಟರಿಂದ ನಾನು ಬೇರೇನೂ ಮಾಡಿಲ್ಲ. ಬ್ಯಾಂಕಲ್ಲಿ ವೃತ್ತಿ ಅಂತ ಕೇಳ್ತಾರಲ್ಲ, ಅಲ್ಲಿ ‘ಫುಟ್ಬಾಲ್ ಆಟಗಾರ’ ಅಂತ ಹೇಳ್ತೀನಿ. ಅವರು ತಲೆಯೆತ್ತಿ ನೋಡ್ತಾರೆ. ಗುರುತು ಸಿಗಲ್ಲ. ಆದ್ರೂ ನೋಡ್ತಾರೆ.”

ಗೊಂದಲ ಇಷ್ಟೇ ಆಗಿದ್ದರೆ ಅವನು ಕಾದು ನೋಡುತ್ತಿದ್ದ. ಸೀಸನ್ನಿನ ಕೊನೆಯ ಪಂದ್ಯ ಮುಗಿದ ಮೇಲೆ ಹೇಗೂ ಗ್ಯಾಫರ್ ಒಬ್ಬೊಬ್ಬರನ್ನೇ ಒಳಗೆ ಕರೆದು ಹೇಳುತ್ತಾನೆ. ಆದರೆ ಕಳೆದ ವಾರ ಬ್ರೆಕ್‌ಡೇಲ್ ರೋವರ್ಸ್ ಎಂಬ ಸಣ್ಣ ಕ್ಲಬ್ಬಿನಿಂದ ಫೋನ್ ಬಂತು. ವೃತ್ತಿಪರ ಹಂತಗಳ ಕೆಳಗಿನ ತಂಡ. ವಾರಕ್ಕೆರಡು ಸಂಜೆ ಅಭ್ಯಾಸ, ಶನಿವಾರ ಪಂದ್ಯ, ಹಗಲು ಹೊತ್ತು ಬೇರೆ ಕೆಲಸ ಹುಡುಕಿಕೊಳ್ಳಬೇಕು. ಎರಡು ವರ್ಷದ ಮಾತು, ಮನೆಯ ಹತ್ತಿರವೇ ಮೈದಾನ. ಗುರುವಾರ ಸಂಜೆಯೊಳಗೆ ಹೇಳಬೇಕು. ಇವನು ಬಾರದಿದ್ದರೆ ಇನ್ನೊಬ್ಬ ರೈಟ್ ಬ್ಯಾಕ್ ಸಿದ್ಧವಾಗಿದ್ದಾನೆ.

ಹೂಂ ಎಂದರೆ ಪೂರ್ಣಾವಧಿ ಆಟಗಾರನ ಬದುಕು ಅಲ್ಲಿಗೆ ಮುಗಿದಂತೆ. ಮೂವತ್ನಾಲ್ಕರಲ್ಲಿ ಆ ಮೆಟ್ಟಿಲು ಇಳಿದವರು ಮತ್ತೆ ಹತ್ತಿದ್ದಿಲ್ಲ. ಇಲ್ಲ ಎಂದು, ಗ್ಯಾಫರನ ‘ಪರವಾಗಿಲ್ಲ’ವೂ ‘ಬೇಡ’ವೇ ಆಗಿದ್ದರೆ, ಜುಲೈಯಲ್ಲಿ ಅವನಿಗೆ ಯಾವ ತಂಡವೂ ಇರುವುದಿಲ್ಲ.

ಮಂಗಳವಾರ ರಾತ್ರಿಯೂಟದ ಪಾತ್ರೆ ಒರೆಸುತ್ತ ಹೆಂಡತಿ ಕೆರಿ ಒಂದು ದಾರಿ ಹೇಳುತ್ತಾಳೆ. ಅವಳು ಶಾಲೆಯೊಂದರ ಪ್ರಯೋಗಾಲಯದ ಸಹಾಯಕಿ.

“ಗೊತ್ತಿಲ್ಲದ್ದನ್ನ ಗೊತ್ತಿರೋದರ ಪಕ್ಕ ಇಟ್ಟು ನೋಡು,” ಎನ್ನುತ್ತಾಳೆ. “ನಾಳೆ ಅವನಿಗೆ ಟೀ ತಗೊಂಡು ಹೋಗು. ಈಗಷ್ಟೇ ಕುಡಿದು ಮುಗಿಸಿರುವಾಗ ಹೋಗು, ಬೇಡ ಅಂತಾನೇ ಅನ್ನಬೇಕು. ಪರವಾಗಿಲ್ಲ ಅಂತಾನಲ್ಲ, ಅದು ಖಂಡಿತಾ ‘ಬೇಡ’. ಆ ದನಿನೂ ಅವತ್ತಿನ ದನಿನೂ ಒಂದೇನಾ ನೋಡು.”

“ಹುಚ್ಚಾ ನಿಂಗೆ?”

“ಮೂರು ವಾರದಿಂದ ನಿದ್ದೆಲಿ ಪರವಾಗಿಲ್ಲ ಪರವಾಗಿಲ್ಲ ಅಂತ ಕನವರಿಸ್ತಿರೋದು ಯಾರಪ್ಪಾ? ನಾನಾ?”

ಬುಧವಾರ ಅಭ್ಯಾಸದ ನಂತರ ಡೀನ್ ಲೋಟ ಹಿಡಿದು ಗ್ಯಾಫರನ ಕೋಣೆಯ ಬಾಗಿಲಲ್ಲಿ ನಿಲ್ಲುತ್ತಾನೆ. ಗಾರ್‌ಸೈಡ್ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಾನೆ. ಮೇಜಿನ ಮೇಲೆ ಖಾಲಿ ಲೋಟವೊಂದು ಆಗಲೇ ಇದೆ. ಲೆಕ್ಕದ ಪ್ರಕಾರ ಎಲ್ಲ ಸರಿಯಾಗಿದೆ.

“ಟೀ, ಗ್ಯಾಫರ್?”

“ಪರವಾಗಿಲ್ಲ ಬಿಡು, ಆರ್ಮೊ.”

ದನಿ ಅದೇ. ಇಳಿಯುವುದು ಅದೇ ಜಾಗದಲ್ಲಿ, ‘ಬಿಡು’ವಿನ ಮೇಲೆ. ಆದರೆ ಇವತ್ತು ಆರ್ಮೊ. ರಸ್ ಹೇಳಿದಂತೆ ಹೆಸರನ್ನೇ ನಂಬಬೇಕೆ, ಕೆರಿ ಹೇಳಿದಂತೆ ದನಿಯನ್ನೇ? ಎರಡೂ ಒಂದನ್ನೊಂದು ಅಳಿಸಿಹಾಕಿದವು. ಡೀನನ ತಲೆಯೊಳಗೆ ಇದ್ದಬದ್ದದ್ದೂ ಕಲಸಿಹೋಗುತ್ತದೆ. ಲೋಟ ಕೈಯಲ್ಲೇ ಇದೆ, ಬೆರಳು ಸುಡುತ್ತಿದೆ, ಹೋಗಲೂ ಆಗದು, ನಿಲ್ಲಲೂ ಆಗದು.

“ಏನಯ್ಯಾ?” ಎನ್ನುತ್ತಾನೆ ಗ್ಯಾಫರ್.

ಆಗ ಡೀನ್ ಕೇಳಿಯೇಬಿಡುತ್ತಾನೆ. “ಅವತ್ತು ನಾನು ಬಂದು ಮಾತಾಡ್ಲಾ ಅಂದಾಗಲೂ ಪರವಾಗಿಲ್ಲ ಅಂದ್ರಿ. ಅದು ಈ ಟೀ ಥರದ್ದಾ, ಇಲ್ಲಾ ಬೇರೆ ಥರದ್ದಾ?”

ಗಾರ್‌ಸೈಡ್ ಕುರ್ಚಿಯನ್ನು ಅವನ ಕಡೆ ತಿರುಗಿಸುತ್ತಾನೆ. ನೆನಪಿಸಿಕೊಳ್ಳಲು ಹೆಣಗುತ್ತಿರುವುದು ಕಾಣುತ್ತದೆ.

“ಯಾವತ್ತು?”

“ಬೂಟ್ ತೊಳೆಯೋ ಹತ್ರ. ಏಪ್ರಿಲ್ ಮೊದಲ್ನೇ ವಾರ.”

“ಓ.” ಗ್ಯಾಫರ್ ಕೈಚಾಚಿ ಬೇಡವೆಂದ ಟೀಯನ್ನೇ ತೆಗೆದುಕೊಳ್ಳುತ್ತಾನೆ. “ಬಾಗಿಲು ಹಾಕು. ಅವತ್ತು ಬೆಳಿಗ್ಗೆ ನಾನು ಚೇರ್ಮನ್ ಹತ್ರ ಹೋಗಿದ್ದೆ. ನನ್ನ ಒಪ್ಪಂದದ ವಿಷಯ ಮಾತಾಡೋಣ್ವಾ ಅಂದೆ. ಏನಂದ ಗೊತ್ತಾ?”

ಡೀನ್ ಬಾಗಿಲು ಮುಚ್ಚಿ ಬರುತ್ತಾನೆ.

“ಪರವಾಗಿಲ್ಲ ಬಿಡು, ಮೈಕೆಲ್ ಅಂದ.”

“ಮೈಕೆಲ್ ಅಂದ್ರಾ?”

“ಮೈಕೆಲ್. ಯಾವತ್ತೂ ಕರೆಯೋ ಹಾಗೆ ಮಿಕ್ ಅಲ್ಲ.” ಗ್ಯಾಫರ್ ಒಂದು ಗುಟುಕು ಕುಡಿಯುತ್ತಾನೆ. “ಒಂದು ತಿಂಗಳಾಯ್ತು, ನನ್ನ ಹೆಂಡ್ತಿ ದಿನಾ ಕೇಳ್ತಾಳೆ, ಅಂದ್ರೆ ಏನ್ರೀ ಅಂತ. ನಂಗೇ ಗೊತ್ತಿಲ್ಲ ಕಣೋ. ನಾನೇ ಇರ್ತೀನೋ ಇಲ್ವೋ ಗೊತ್ತಿಲ್ದೆ ನಿನ್ನನ್ನ ಇಟ್ಕೊತೀನಿ ಅಂತ ಹೇಗೆ ಹೇಳ್ಲಿ? ಬಾಯಿಗೆ ಬಂದಿದ್ದು ಹೇಳಿರ್ತೀನಿ.”

ಮನೆಗೆ ಹೋಗುವಾಗ ಕಾರಿನಲ್ಲಿ ರಸ್ ಎಷ್ಟು ಕೆದಕಿದರೂ ಡೀನ್ ಬಾಯಿಬಿಡುವುದಿಲ್ಲ. ಇನ್ನೊಬ್ಬನ ಕಷ್ಟ, ಹೇಳುವಂಥದ್ದಲ್ಲ. (ಈಗ ಇಲ್ಲಿ ಬರೆಯುತ್ತಿರುವುದು ಗಾರ್‌ಸೈಡನ ಒಪ್ಪಿಗೆಯ ಮೇಲೆಯೇ. “ಬರ್ಕೊಳ್ಳಿ, ಚೇರ್ಮನ್ ಓದಿದ್ರೆ ಉತ್ತರನಾದ್ರೂ ಸಿಗುತ್ತೆ,” ಎಂದ.) ಕೆರಿಗೆ ಮಾತ್ರ ಹೇಳುತ್ತಾನೆ. “ಎರಡು ಅರ್ಥದಲ್ಲಿ ಯಾವುದು ಅಂತ ಹುಡುಕ್ತಿದ್ದೆ. ಅದರಲ್ಲಿ ಅರ್ಥಾನೇ ಇರ್ಲಿಲ್ಲ.” ಪ್ರಯೋಗ ಕೆಟ್ಟಿತು ಎಂದುಕೊಂಡನೇನೋ. ಇಲ್ಲ ಎನ್ನುತ್ತಾಳೆ ಕೆರಿ. ಏನೂ ಇಲ್ಲ ಎಂದು ತಿಳಿಯುವುದೂ ಒಂದು ಫಲಿತಾಂಶವೇ.

ಗುರುವಾರ ಸಂಜೆ, ಅಂಗಡಿ ಸಾಲಿನ ಹಿಂದೆ ಕಾರು ನಿಲ್ಲಿಸಿ ಅವನು ಬ್ರೆಕ್‌ಡೇಲಿಗೆ ಫೋನ್ ಮಾಡುತ್ತಾನೆ. “ಬರ್ತೀನಿ,” ಎನ್ನುತ್ತಾನೆ. ಆ ಕಡೆಯವನು ಹೇಗಿದ್ದೀಯ, ಮನೆಯಲ್ಲಿ ಎಲ್ಲ ಹೇಗಿದ್ದಾರೆ ಎಂದು ಮಾತು ಬೆಳೆಸಿದಾಗ ಡೀನ್ ನಡುವೆ ತಡೆದು ಮತ್ತೊಮ್ಮೆ ಹೇಳುತ್ತಾನೆ: “ಬರ್ತೀನಿ ಅಂದೆ. ಹೂಂ ಅಂತ ಅರ್ಥ.” ಸರಿ, ಎನ್ನುತ್ತಾನೆ ಅವನು, ಆದರೆ ಮೊಣಕಾಲಿನ ಕಥೆ ನಮಗೆ ಗೊತ್ತು, ನಮ್ಮ ಫಿಸಿಯೋ ನೋಡಿ ಒಪ್ಪಿದ ಮೇಲೆಯೇ ಸಹಿ.

ಶನಿವಾರ ಕ್ಲೆದರ್‌ಬಿಯ ಕೊನೆಯ ಪಂದ್ಯ, ಒಂದು–ಒಂದು ಸಮ. ಡೀನ್ ಪೂರ್ತಿ ಆಡುತ್ತಾನೆ. ಮುಗಿದ ಮೇಲೆ ಪ್ರೇಕ್ಷಕರ ಕಡೆ ತಿರುಗಿ ಚಪ್ಪಾಳೆ ತಟ್ಟುವಾಗ, ಗೋಲಿನ ಹಿಂದಿನ ಸಾಲಿನಿಂದ ಮುದುಕನೊಬ್ಬ ಕೂಗುತ್ತಾನೆ, “ಮುಂದಿನ ವರ್ಷ ಇನ್ನೂ ಸ್ವಲ್ಪ ಜೋರಾಗಿ ಓಡಯ್ಯಾ.” ಡೀನ್ ಅವನಿಗೂ ಕೈ ಬೀಸುತ್ತಾನೆ. ಒಳಗೆ ಹೋಗುವ ಹಾದಿಯಲ್ಲಿ ಗ್ಯಾಫರ್ ಅವನ ಕತ್ತಿನ ಸುತ್ತ ಕೈ ಹಾಕುತ್ತಾನೆ.

“ನಾನು ಉಳಿಯೋದು ಖಾತ್ರಿ ಇದ್ದಿದ್ರೆ ನಿಂಗೆ ಇನ್ನೊಂದು ವರ್ಷ ಕೊಡ್ತಿದ್ದೆ ಅನ್ಸುತ್ತೆ.”

“ಅನ್ಸುತ್ತಾ?”

“ಅನ್ಸುತ್ತೆ,” ಎನ್ನುತ್ತಾನೆ ಗಾರ್‌ಸೈಡ್. ಅದಕ್ಕಿಂತ ಮುಂದೆ ಹೋಗಲು ಅವನಿಗೂ ಆಗುವುದಿಲ್ಲ.

ಮುಂದಿನ ಮಂಗಳವಾರ ಬ್ರೆಕ್‌ಡೇಲಿನ ಬಟ್ಟೆ ಬದಲಾಯಿಸುವ ಕೋಣೆ. ಸಿಮೆಂಟಿನ ನೆಲ, ಒಂದೇ ಒಂದು ಹೀಟರ್. ಫಿಸಿಯೋ ಮೊಯ್ರಾ ಹಗಲು ಆಸ್ಪತ್ರೆಯೊಂದರಲ್ಲಿ ಕೆಲಸ ಮಾಡಿ ಸಂಜೆ ಇಲ್ಲಿಗೆ ಬರುತ್ತಾಳೆ. ಡೀನನನ್ನು ಬೆಂಚಿನ ಮೇಲೆ ಮಲಗಿಸಿ ಮೊದಲೇ ಹೇಳಿಬಿಡುತ್ತಾಳೆ: “ನಂದು ಒಂದೇ ನಿಯಮ. ಮೊಣಕಾಲು ನೂರ ಇಪ್ಪತ್ತೈದು ಡಿಗ್ರಿಯಾದ್ರೂ ಬಗ್ಗಬೇಕು. ಬಗ್ಗಿದ್ರೆ ಸಹಿ ಹಾಕ್ತೀನಿ, ಇಲ್ಲಾಂದ್ರೆ ಇಲ್ಲ.”

“ಇನ್ನೆಷ್ಟು ವರ್ಷ ಆಡ್ಬೇಕು ಅಂತಿದೀರಾ?” ಎಂದು ಕೇಳುತ್ತಾಳೆ, ಪಾರದರ್ಶಕ ಪ್ಲಾಸ್ಟಿಕ್ಕಿನ ಕೋನಮಾಪಕವನ್ನು ತೊಡೆಯ ಉದ್ದಕ್ಕೂ ಹೊಂದಿಸುತ್ತ.

“ಎರಡು. ಆಮೇಲೆ ಮಗಳ ಜೊತೆ ಸೈಕಲ್ ಹೊಡೀಬೇಕು, ಅಷ್ಟರ ಮಟ್ಟಿಗೆ ಈ ಕಾಲು ಉಳಿದ್ರೆ ಸಾಕು.”

ಅವಳು ಹಿಮ್ಮಡಿ ಹಿಡಿದು ಮೆಲ್ಲನೆ ಒತ್ತುತ್ತಾಳೆ. ಡೀನ್ ಚಾವಣಿ ನೋಡುತ್ತ ಹಲ್ಲು ಕಚ್ಚುತ್ತಾನೆ. ಇನ್ನೂ ಒತ್ತುತ್ತಾಳೆ, ನಿಲ್ಲಿಸುತ್ತಾಳೆ, ಬಾಗಿ ಗೆರೆಗಳನ್ನು ಓದುತ್ತಾಳೆ.

“ಚೆನ್ನಾಗಿದೆ, ಚೆನ್ನಾಗಿಲ್ಲ ಅಂತೆಲ್ಲ ಬೇಡ,” ಎನ್ನುತ್ತಾನೆ ಅವನು. “ಎಷ್ಟಿದೆ ಅಂತ ಹೇಳಿ, ಸಾಕು.”

“ನೂರ ಇಪ್ಪತ್ತೇಳು ಡಿಗ್ರಿ.”