ಹಳದಿ ದೀಪ ಹತ್ತಿದ ಕಾರಿನಲ್ಲಿ ಕೋಟೆಗೆ

ಮಗಳನ್ನು ಹೆರಿಗೆಗೆ ಕರೆತರಲು ನಾನೂ ನನ್ನ ಹೆಂಡತಿ ಸುಶೀಲಳೂ ಹೊರಟದ್ದು ಶ್ರಾವಣದ ಒಂದು ಬುಧವಾರ, ಬೆಳಿಗ್ಗೆ ಆರೂಕಾಲಿಗೆ. ಸಾಲಿಗ್ರಾಮದ ಪಕ್ಕದ ನಮ್ಮೂರಿನಿಂದ ಮಗಳ ಗಂಡನ ಮನೆಯಿರುವ ಹೆಗ್ಗಡದೇವನಕೋಟೆಗೆ, ನಮ್ಮ ಬಾಯಲ್ಲಿ ಬರೀ ಕೋಟೆಗೆ, ಕೆ.ಆರ್. ನಗರ, ಹುಣಸೂರಿನ ಮೇಲೆ ಹೋದರೆ ಎಂಬತ್ತು ಕಿಲೋಮೀಟರಿನ ಆಚೀಚೆ. ಚೈತ್ರಳಿಗೆ ಏಳು ತಿಂಗಳು ನಡೆಯುತ್ತಿತ್ತು. ಆಷಾಢ ಕಳೆಯಲಿ ಎಂದು ಸುಶೀಲ ಕಾದಿದ್ದಳು. ಹಿಂದಿನ ದಿನವೇ ತಂಬಿಟ್ಟು, ಚಿಗಳಿ ಉಂಡೆ ಮಾಡಿ ಸ್ಟೀಲ್ ಡಬ್ಬಿಗಳಲ್ಲಿ ತುಂಬಿದ್ದಳು. ಹಿಂದಿನ ಸೀಟಿನಲ್ಲಿ ಎರಡು ದಿಂಬು, ಒಂದು ಕಂಬಳಿ. ವಾಪಸು ಬರುವಾಗ ಮಗಳು ಕಾಲು ನೀಡಿಕೊಂಡು ಬರಬೇಕು ಎನ್ನುವುದು ಅವಳ ಲೆಕ್ಕ.

ನಾನು ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಸ್ವಂತಕ್ಕೆ ಒಂದು ಸೈಕಲ್ಲು ಬಿಟ್ಟರೆ ಬೇರೆ ಗಾಡಿ ಇಟ್ಟುಕೊಂಡವನಲ್ಲ. ಈ ಡೀಸೆಲ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಂಡದ್ದಕ್ಕೆ ಒಂದು ಕಾರಣವಿತ್ತು. ಎರಡು ವರ್ಷದ ಹಿಂದೆ ಚೈತ್ರಳ ಮೊದಲ ಬಸಿರು ಐದನೆಯ ತಿಂಗಳಲ್ಲಿ ನಿಲ್ಲಲಿಲ್ಲ. ಅದಕ್ಕೆ ನಾಲ್ಕು ದಿನ ಮುಂಚೆ ಅವಳು ನಮ್ಮ ಮನೆಗೆ ಬಂದು ಬಸ್ಸಿನಲ್ಲಿ ಕೋಟೆಗೆ ವಾಪಸು ಹೋಗಿದ್ದಳು. ಬಸ್ಸಿಗೆ ಹತ್ತಿಸಿದ್ದು ನಾನೇ. ಪ್ರಯಾಣಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ನಾನು ತಲೆಯಾಡಿಸಿದ್ದೆ. ಮಾರನೆಯ ವರ್ಷ ಕಾರು ತಂದೆ.

ಅಂಥ ಕಾರಿನಲ್ಲಿ ಮೂರು ವಾರದಿಂದ ಒಂದು ಹಳದಿ ದೀಪ ಹತ್ತುತ್ತಿತ್ತು. ಸೈಲೆನ್ಸರಿನ ಚಿತ್ರ ಬರೆದು ಅದರೊಳಗೆ ಚುಕ್ಕಿ ಇಟ್ಟ ಹಾಗಿತ್ತು ಗುರುತು. ಡೀಸೆಲ್ ಇಂಜಿನ್ನಿನ ಬಗ್ಗೆ ಇನ್ನೊಬ್ಬರನ್ನು ಕೇಳುವುದು ನನಗೆ ನಾಚಿಕೆಯ ವಿಷಯ. ಗಾಡಿ ಓಡುತ್ತಿದೆಯಲ್ಲ ಎಂದು ಸುಮ್ಮನಾದೆ. ಊರಿನಲ್ಲಿ ಟ್ರ್ಯಾಕ್ಟರ್ ಇಟ್ಟುಕೊಂಡ ಪರಿಚಯದವನೊಬ್ಬ ನೋಡಿ, "ಅದೇನೋ ಹೊಗೆ ಸೋಸೋ ಡಬ್ಬ ಕಣಣ್ಣ. ಕಿತ್ತಾಕ್ಸಿ ಬರೀ ಪೈಪ್ ಹಾಕ್ಸ್ಬುಡು," ಎಂದಿದ್ದ. ಅದನ್ನೂ ಮಾಡಿಸಿರಲಿಲ್ಲ.

ಕೆ.ಆರ್. ನಗರದವರೆಗೆ ಏನೂ ಆಗಲಿಲ್ಲ. ರಸ್ತೆಯ ಎರಡು ಕಡೆಯೂ ಗದ್ದೆಗಳಲ್ಲಿ ನಾಟಿ ನಡೆಯುತ್ತಿತ್ತು. ತುಂತುರು ಮಳೆಗೆ ಹೆಂಗಸರು ತಲೆಗೆ ಪ್ಲಾಸ್ಟಿಕ್ ಚೀಲ ಹೊದ್ದು ಬಗ್ಗಿದ್ದರು. ಊರು ದಾಟಿ ಹತ್ತು ಹನ್ನೆರಡು ಕಿಲೋಮೀಟರ್ ಹೋಗಿರಬೇಕು, ಸಣ್ಣ ಏರಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ನಲವತ್ತು ದಾಟಲಿಲ್ಲ. ಹಳದಿ ದೀಪದ ಪಕ್ಕದಲ್ಲಿ ಇಂಜಿನ್ನಿನ ಗುರುತಿನ ಇನ್ನೊಂದು ದೀಪ ಹತ್ತಿಕೊಂಡಿತು. ಎಡಕ್ಕೆ ತೆಗೆದು ಒಂದು ಹುಣಸೆಮರದ ಕೆಳಗೆ ನಿಲ್ಲಿಸಿದೆ.

"ಒಂದಿತ್ತು, ಈಗ ಎಲ್ಡಾಯ್ತಾ?" ಎಂದಳು ಸುಶೀಲ.

ನಾನು ಅವಳ ಮುಖ ನೋಡಿದೆ.

"ಮೂರು ವಾರದಿಂದ ನೋಡ್ತಾನೆ ಇವ್ನಿ. ನೀವೇ ನಂಗೆ ಏಳ್ತೀರ ಅಂತ ಸುಮ್ಕಿದ್ದೆ."

"ತೋರಿಸ್ಬೇಕಿತ್ತು. ತಪ್ಪಾಯ್ತು ಕಣೆ. ನೀನು ಬಸ್ಸಲ್ಲಿ ಕೋಟೆಗೆ ಹೋಗು. ಬಾಡಿಗೆ ಕಾರು ಮಾಡ್ಕೊಂಡು ಮಗೀನ ಕರ್ಕೊಂಡು ಬಾ. ನಾನು ಇದನ್ನ ಹೆಂಗಾದ್ರೂ ಮನೆಗೆ ತತ್ತೀನಿ."

ಅವಳು ಸೀಟ್ ಬೆಲ್ಟ್ ಬಿಚ್ಚಲಿಲ್ಲ. "ಅಪ್ಪ ಕಾರಲ್ಲಿ ಬತ್ತದೆ ಅಂತ ಅವ್ಳು ಬೀದಿಗೆಲ್ಲ ಏಳವ್ಳೆ. ಮೊದ್ಲು ಹುಣ್ಸೂರಲ್ಲಿ ಯಾರಿಗಾದ್ರೂ ತೋರ್ಸಿ. ಆಮೇಲಿನ ಮಾತು ಆಮೇಲೆ."

ನಲವತ್ತರಲ್ಲೇ ತೆವಳಿಕೊಂಡು ಹುಣಸೂರು ಸೇರುವಾಗ ಎಂಟು ಗಂಟೆ ದಾಟಿತ್ತು. ಬಸ್ ನಿಲ್ದಾಣದ ಹತ್ತಿರ ಇಡ್ಲಿ ತಿಂದೆವು. ಚಟ್ನಿ ಖಾರವಾಗಿತ್ತು, ಕಾಫಿ ಚೆನ್ನಾಗಿತ್ತು. ಹೋಟೆಲಿನವರನ್ನು ಕೇಳಿದಾಗ ಬೈಪಾಸ್ ಕಡೆ ನಜೀರ್ ಎನ್ನುವವರ ಗ್ಯಾರೇಜು ಹೇಳಿದರು. ಐವತ್ತರ ಹತ್ತಿರದ ಮನುಷ್ಯ, ಮಾತಿನ ಮಧ್ಯೆ ಮಧ್ಯೆ ಒಣಕೆಮ್ಮು. ಬಾನೆಟ್ ಎತ್ತುವ ಬದಲು ಒಂದು ಸಣ್ಣ ಮೆಷಿನ್ ತಂದು ಸ್ಟೇರಿಂಗಿನ ಕೆಳಗೆ ಚುಚ್ಚಿ ಓದತೊಡಗಿದಾಗ ನನಗೆ ಅಷ್ಟು ಸಮಾಧಾನವಾಗಲಿಲ್ಲ. ನಮ್ಮ ಕಾಲದಲ್ಲಿ ಶಬ್ದ ಕೇಳಿಯೇ ಹೇಳುತ್ತಿದ್ದೆವು.

"ಯಜಮಾನ್ರೇ, ದಿನಾ ಎಷ್ಟು ದೂರ ಓಡ್ಸ್ತೀರಿ ಇದ್ನ?"

"ಡೈರಿಗೆ, ಗದ್ದೆಗೆ. ಎಲ್ಡು ಮೂರು ಕಿಲೋಮೀಟ್ರು."

"ಅದೇ ಕಣ್ರೀ ಇದರ ಕಾಯಿಲೆ," ಎಂದು ಒಂದು ಸ್ಟೂಲು ಎಳೆದುಕೊಂಡು ಕೂತರು.

ನಜೀರ್ ವಿವರಿಸಿದ್ದು ಹೀಗೆ. ಈಗಿನ ಡೀಸೆಲ್ ಕಾರುಗಳ ಹೊಗೆಕೊಳವೆಯ ದಾರಿಯಲ್ಲಿ ಜೇನುಗೂಡಿನಂಥ ಒಂದು ಫಿಲ್ಟರ್ ಇರುತ್ತದೆ. ಹೊಗೆಯಲ್ಲಿರುವ ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ತುಂಬಿದಾಗ ಇಂಜಿನ್ನು ಒಂದಿಷ್ಟು ಹೆಚ್ಚು ಡೀಸೆಲ್ ಸುರಿದು, ಕೊಳವೆಯನ್ನು ಚೆನ್ನಾಗಿ ಕಾಯಿಸಿ, ಆ ಮಸಿಯನ್ನು ತಾನೇ ಸುಟ್ಟು ಬೂದಿ ಮಾಡುತ್ತದೆ. ಅದಕ್ಕೆ ಇಪ್ಪತ್ತು, ಇಪ್ಪತ್ತೈದು ನಿಮಿಷ ಒಂದೇ ಸಮ ಓಡುವ ರಸ್ತೆ ಬೇಕು. ನಾನು ಪ್ರತಿ ಸಲ ಅದು ಶುರುಮಾಡುವ ಹೊತ್ತಿಗೆ ಡೈರಿಯ ಮುಂದೆ ಕೀಲಿ ತಿರುಗಿಸಿ ಆರಿಸುತ್ತಿದ್ದೆ. ಮೊದಲು ಹತ್ತಿದ ದೀಪ ಅದನ್ನೇ ಹೇಳುತ್ತಿತ್ತು, ನನ್ನನ್ನು ಸ್ವಲ್ಪ ದೂರ ಓಡಿಸು ಎಂದು. ಆಗ ಒಂದು ಸಲ ಮೈಸೂರಿಗೆ ಹೋಗಿಬಂದಿದ್ದರೂ ಸರಿಹೋಗುತ್ತಿತ್ತು.

"ಮತ್ತೆ ಎರಡನೇ ದೀಪ?"

ನಜೀರ್ ಬಾನೆಟ್ ಎತ್ತಿ ಒಂದು ತೆಳ್ಳನೆಯ ರಬ್ಬರ್ ಕೊಳವೆ ಕಿತ್ತು ತೋರಿಸಿದರು. ಬಗ್ಗಿಸಿದರೆ ಬಿರುಕು ಕಾಣುತ್ತಿತ್ತು. ಫಿಲ್ಟರ್ ಎಷ್ಟು ತುಂಬಿದೆ ಎಂದು ಅಳೆಯುವ ಸೆನ್ಸರಿಗೆ ಹೋಗುವ ಕೊಳವೆ ಅದು. ಗಾಳಿ ಸೋರಿ ಅಳತೆ ತಪ್ಪಿದ್ದಕ್ಕೆ ಇಂಜಿನ್ನು ಮಸಿ ಸುಡುವುದನ್ನೇ ನಿಲ್ಲಿಸಿ, ತನ್ನ ಶಕ್ತಿಯನ್ನೂ ತಗ್ಗಿಸಿಕೊಂಡಿತ್ತು. ಆಮೇಲೆ ಆಯಿಲ್ ನೋಡುವ ಕಡ್ಡಿ ಎಳೆದು ನನ್ನ ಮೂಗಿನ ಹತ್ತಿರ ಹಿಡಿದರು. ಆಯಿಲು ಮೇಲಿನ ಗುರುತನ್ನೂ ದಾಟಿ ನಿಂತಿತ್ತು, ಡೀಸೆಲ್ ವಾಸನೆ ಬರುತ್ತಿತ್ತು. ಸುಡುವ ಕೆಲಸ ಅರ್ಧಕ್ಕೇ ನಿಂತಾಗಲೆಲ್ಲ ಉಳಿದ ಡೀಸೆಲ್ ಆಯಿಲಿಗೆ ಇಳಿದಿತ್ತು. ಆಯಿಲ್ ಕಡಿಮೆಯಾದರೆ ಭಯಪಡಬೇಕು ಎಂದು ಗೊತ್ತಿತ್ತು. ಹೆಚ್ಚಾದರೂ ಭಯಪಡಬೇಕು ಎಂದು ನನಗೆ ಅರವತ್ತೆರಡನೆಯ ವಯಸ್ಸಿನಲ್ಲಿ ತಿಳಿಯಿತು.

"ನಮ್ಮೂರಲ್ಲೊಬ್ರು ಈ ಫಿಲ್ಟರನ್ನೇ ಕಿತ್ತಾಕ್ಸಿ ಅಂದ್ರು," ಎಂದೆ.

ನಜೀರ್ ಕೈ ಒರೆಸಿಕೊಂಡರು. "ಕಾನೂನು ಒಪ್ಪಲ್ಲ, ಅದು ಒಂದ್ಕಡೆ ಇರ್ಲಿ. ಕಿತ್ತಾಕಿದ್ರೆ ಆ ಮಸಿ ಎಲ್ಲಿಗೋಯ್ತದೆ ಹೇಳಿ? ಯಾರೋ ಉಸ್ರಾಡ್ಬೇಕಲ್ಲ. ನನ್ನ ಕೆಮ್ಮು ಕೇಳ್ತಾ ಇದ್ದೀರಲ್ಲ, ಇಪ್ಪತ್ತೈದು ವರ್ಷ ಹಳೇ ಗಾಡಿಗಳ ಹಿಂದೆ ನಿಂತು ಕುಡ್ದಿರೋದು ಅದನ್ನೇ." ಆಮೇಲೆ ಹಿಂದಿನ ಸೀಟಿನ ದಿಂಬುಗಳ ಕಡೆ ನೋಡಿ ಸುಶೀಲಳನ್ನು ಕೇಳಿದರು, "ಯಾರನ್ನ ಕರ್ಕೊಂಡು ಬರಕ್ಕೋಯ್ತಿದೀರಮ್ಮ?"

"ಮಗಳನ್ನ. ಏಳು ತಿಂಗ್ಳು."

"ಹಂಗಾದ್ರೆ ಇರ್ಲಿ ಬುಡಿ ಫಿಲ್ಟರು," ಎಂದರು.

ಹೊಸ ಕೊಳವೆ, ಹೊಸ ಆಯಿಲು, ಆಯಿಲ್ ಫಿಲ್ಟರು. ಎಲ್ಲ ಮುಗಿದು, ಮೆಷಿನ್ನಿನಲ್ಲಿ ಇನ್ನೊಮ್ಮೆ ನೋಡಿ, ಇಂಜಿನ್ನಿನ ದೀಪ ಆರಿಸುವಾಗ ಹನ್ನೊಂದೂವರೆ. ಚುಕ್ಕಿ ಇಟ್ಟ ದೀಪ ಮಾತ್ರ ಉಳಿದಿತ್ತು. "ಇದ್ನ ನಾನು ಆರ್ಸಲ್ಲ, ನೀವೇ ಆರ್ಸ್ಬೇಕು," ಎಂದರು ನಜೀರ್. "ಇನ್ನೂ ಪೂರ್ತಿ ಕಟ್ಟಿಲ್ಲ, ಓಡ್ಸುದ್ರೆ ಸುಟ್ಕೊಳ್ತದೆ. ಕೋಟೆ ರಸ್ತೇಲಿ ತಿರುವು, ಹಂಪು ಜಾಸ್ತಿ, ಅಲ್ಲಿ ಬ್ಯಾಡ. ಪಿರಿಯಾಪಟ್ಣದ ಕಡೆ ಹೋಗಿ ಬನ್ನಿ. ಟ್ಯಾಂಕಲ್ಲಿ ಡೀಸೆಲ್ ಅರ್ಧ ಇದೆ, ಸಾಕು. ಒಂದು ಗೇರು ಕೆಳಗೇ ಇಟ್ಕಳಿ, ಆರ್‌ಪಿಎಂ ಮುಳ್ಳು ಎರಡು ಸಾವಿರದ ಮೇಲಿರ್ಲಿ, ಅರವತ್ತೈದರಲ್ಲಿ ಒಂದೇ ಸಮ. ಮಧ್ಯ ಆರಿಸ್ಬ್ಯಾಡಿ. ಬಿಸಿ ವಾಸ್ನೆ ಬಂದ್ರೆ ಗಾಬ್ರಿ ಬೀಳ್ಬ್ಯಾಡಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸ್ಬ್ಯಾಡಿ, ಪೈಪು ಕಾದಿರ್ತದೆ."

ಕೋಟೆಗೆ ಹೊರಟವರು ಹೀಗೆ ತಿರುಗಿ ಮಡಿಕೇರಿ ರಸ್ತೆ ಹಿಡಿದೆವು. ಪಿರಿಯಾಪಟ್ಟಣಕ್ಕೆ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಮಳೆ ನಿಂತು ಬಿಸಿಲು ಬಿದ್ದಿತ್ತು. ಹೊಲಗಳಲ್ಲಿ ಹೊಗೆಸೊಪ್ಪು ಎದೆಮಟ್ಟ ನಿಂತಿತ್ತು. ಹೊಲದಂಚಿನ ಕೆಲವು ಬ್ಯಾರನ್ ಮನೆಗಳಲ್ಲಿ ಆಗಲೇ ಸೊಪ್ಪು ಬೇಯಿಸಲು ಶುರುಮಾಡಿದ್ದರು, ಕಿಟಕಿ ಇಳಿಸಿದರೆ ಅದರ ಸಿಹಿಗಟ್ಟಿದ ವಾಸನೆ.

ಸ್ವಲ್ಪ ದೂರ ಹೋದ ಮೇಲೆ ಸುಶೀಲ ನಕ್ಕಳು. "ನಿಮ್ಮ ಬಸ್ಸಲ್ಲಿ ಎಷ್ಟು ಸಲ ಕೂತಿವ್ನಿ. ಮುಂದ್ಗಡೆ ಸೀಟಲ್ಲೇ ಕೂರ್ತಿದ್ದೆ. ಚಾಲಕರೊಡನೆ ಮಾತಾಡಬೇಡಿ ಅಂತ ಬರ್ದಿರೋರು. ಒಂದಿನಾನೂ ಮಾತಾಡ್ಲಿಲ್ಲ."

"ಈಗ ಮಾತಾಡು."

 ಒಂದು ಲಾರಿ ದಾಟಿದ ಮೇಲೆ ಹೇಳಿದಳು, "ಆವತ್ತು ಅವ್ಳು ಬಸ್ಸತ್ತುವಾಗ ನೀವು ಡ್ರೈವರಿಗೆ ಏಳಿದ್ರಂತೆ. ನನ್ನ ಮಗ್ಳು ಕೂತವ್ಳೆ, ಹಳ್ಳದಲ್ಲಿ ನಿಧಾನಕ್ಕಿಳ್ಸು ಅಂತ. ಕೋಟೆವರ್ಗೂ ಆ ವಯ್ಯ ಅಂಗೇ ಓಡ್ಸುದ್ನಂತೆ. ಹಿಂದಿದ್ದೋರು ಬೈದ್ರೂ ಕೇಳ್ಲಿಲ್ವಂತೆ. ಚೈತ್ರಾನೇ ಏಳಿದ್ಳು ನಂಗೆ."

ಅವನು ಕೋಟೆಯವರೆಗೂ ಹಾಗೇ ಓಡಿಸಿದ್ದು ನನಗೆ ಗೊತ್ತಿರಲಿಲ್ಲ.

"ಬಸ್ಸಿಂದ ಆಗ್ಲಿಲ್ಲ ಕಣ್ರೀ ಅದು. ನಿಮ್ಮಿಂದ್ಲೂ ಆಗ್ಲಿಲ್ಲ. ಎಲ್ಡು ವರ್ಷದಿಂದ ಆ ಭಾರಾನ ಒಬ್ರೇ ಒತ್ಕೊಂಡು ತಿರುಗ್ತಾ ಇದೀರ. ನಾನು ಕಂಡಿಲ್ವಾ?"

ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡೆ. ರಸ್ತೆ ಮಸುಕಾಯಿತು. ನಿಲ್ಲಿಸುವ ಹಾಗಿರಲಿಲ್ಲ, ನಿಧಾನ ಮಾಡುವ ಹಾಗೂ ಇರಲಿಲ್ಲ. ಅವಳು ಸೆರಗಿನಿಂದ ನನ್ನ ಕೆನ್ನೆ ಒರೆಸಿದಳು, ಎದುರಿನಿಂದ ಬಂದ ಬಸ್ಸಿನವರೆಲ್ಲ ನೋಡುತ್ತಿದ್ದರೂ. ಅರವತ್ತೈದರಲ್ಲೇ ಓಡಿಸುತ್ತಾ ಹೋದೆ.

ಪಿರಿಯಾಪಟ್ಟಣ ಇನ್ನೇನು ಬಂತು ಎನ್ನುವಾಗ ಕಾದ ಕಬ್ಬಿಣದ ವಾಸನೆ ಬಂತು. ಊರೊಳಗೆ ಹೋಗದೆ ತಿರುಗಿಸಿಕೊಂಡು ಮತ್ತೆ ಹುಣಸೂರಿನ ಕಡೆಗೆ ಬಂದೆವು. ಏಳೆಂಟು ಕಿಲೋಮೀಟರ್ ಆಗಿರಬೇಕು, ಸುಶೀಲ ನನ್ನ ತೋಳು ತಟ್ಟಿ ಮೀಟರಿನ ಕಡೆ ತೋರಿಸಿದಳು. ದೀಪ ಆರಿತ್ತು. ಯಾವಾಗ ಆರಿತೋ ಇಬ್ಬರೂ ನೋಡಿರಲಿಲ್ಲ. ಮುಂದಿನ ಏರನ್ನು ಗಾಡಿ ಹಗುರವಾಗಿ ಹತ್ತಿತು.

ನಜೀರ್ ಮತ್ತೊಮ್ಮೆ ಮೆಷಿನ್ ಚುಚ್ಚಿ ನೋಡಿ, ಮಸಿ ಸುಟ್ಟಿದೆ ಎಂದರು. "ಹದಿನೈದು ದಿನಕ್ಕೊಂದ್ಸಲ ಇಬ್ರೂ ಹಿಂಗೆ ಎಲ್ಲಿಗಾದ್ರೂ ಹೋಗಿಬನ್ನಿ. ಡೈರಿಗೆ ಸೈಕಲ್ ಸಾಕು." ಸುಶೀಲ ಡಬ್ಬಿ ತೆಗೆದು ನಾಲ್ಕು ಚಿಗಳಿ ಉಂಡೆ ಅವರ ಕೈಗಿಟ್ಟಳು.

ಕೋಟೆ ಸೇರಿದಾಗ ಎರಡು ಗಂಟೆ. ಬಾಗಿಲಲ್ಲಿ ಚೈತ್ರ ನಿಂತಿದ್ದಳು, ಕೈಬಳೆ ಬಿಗಿಯಾಗಿದ್ದವು, ಪಾದ ಊದಿದ್ದವು. "ಯಾಕಪ್ಪ ಇಷ್ಟೊತ್ತು?" ಎಂದಳು. "ಪಿರಿಯಾಪಟ್ಣದ ಮೇಲೆ ಬಂದೊ ಮಗಾ," ಎಂದೆ. ಮೋಟಾರ್ ರಿವೈಂಡಿಂಗ್ ಅಂಗಡಿ ಇಟ್ಟಿರುವ ಅಳಿಯ ಮಹೇಶ ತಲೆ ಕೆರೆದುಕೊಂಡ. ಯಾವ ದಾರಿ ಇದು ಎಂದು ಅವನಿಗೆ ಹೊಳೆಯಲಿಲ್ಲ. ಊಟಕ್ಕೆ ಮುದ್ದೆ, ಅವರೆಕಾಳು ಸಾರು ಮಾಡಿಟ್ಟಿದ್ದರು. ಆ ದಿನ ಅಲ್ಲೇ ಉಳಿದೆವು.

ಮಾರನೆಯ ದಿನ ಗುರುವಾರ. ಒಳ್ಳೆಯ ಹೊತ್ತು ನೋಡಿ ಹತ್ತೂವರೆಗೆ ಹೊರಟೆವು. ಮಹೇಶ ಕಾರಿನ ಬಾಗಿಲು ತಾನೇ ಹಾಕಿ, ಕಿಟಕಿಯೊಳಗೆ ಬಗ್ಗಿ, "ನಿಧಾನ ಮಾವ," ಎಂದ. ತಿರುವಿನವರೆಗೆ ಕನ್ನಡಿಯಲ್ಲಿ ಕಾಣುತ್ತಿದ್ದ, ಅಂಗಡಿಯ ಗ್ರೀಸ್ ಕೈಯನ್ನು ಎತ್ತಿಕೊಂಡೇ. ಚೈತ್ರ ಮೊದಮೊದಲು ಏನೇನೋ ಮಾತಾಡಿದಳು, ಹುಣಸೂರಿನಲ್ಲಿ ಎಳನೀರು ಕೇಳಿ ಕುಡಿದಳು. ಕೆ.ಆರ್. ನಗರ ದಾಟುವಾಗ ಹಿಂದಿನಿಂದ ಮಾತು ನಿಂತಿತ್ತು.

ಮನೆ ಮುಂದೆ ಬೇವಿನಮರದ ನೆರಳಿನಲ್ಲಿ ಕಾರು ನಿಲ್ಲಿಸಿ, ಇಂಜಿನ್ ಆರಿಸಿ, ಗಾಜು ಇಳಿಸಿದೆ. ಬಾಗಿಲಿಗೆ ಕೈ ಹಾಕಿದಾಗ ಸುಶೀಲ ತಡೆದಳು.

"ಎಬ್ಬಿಸ್ಬ್ಯಾಡಿ," ಎಂದು ಪಿಸುಗುಟ್ಟಿದಳು. "ತಿಂಗ್ಳಿಂದ ನಿದ್ದೆನೇ ಬರಲ್ಲ, ಎದ್ದು ಕೂತ್ಕತೀನಿ, ಹೊಟ್ಟೆ ಮುಟ್ಟಿ ಮುಟ್ಟಿ ನೋಡ್ಕತೀನಿ ಅಂತ ನಿನ್ನೆ ನಂಗೆ ಅಳ್ತಾ ಏಳುದ್ಳು."

ಹಿಂದಕ್ಕೆ ತಿರುಗಿ ನೋಡಿದೆ. ಎರಡು ದಿಂಬುಗಳ ನಡುವೆ ಬಾಯಿ ಸ್ವಲ್ಪ ತೆರೆದು ಮಲಗಿದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಸೀಟಿನಿಂದ ಕೆಳಗೆ ಜಾರಿ. ಪಕ್ಕದ ಮನೆಯವರು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. ಸುಶೀಲ ತುಟಿಗೆ ಬೆರಳಿಟ್ಟು ತೋರಿಸಿದಳು. ಅವರು ತಟ್ಟೆಯೊಂದಿಗೆ ಜಗುಲಿಯ ಮೇಲೆ ಕೂತರು. ನಾವಿಬ್ಬರೂ ಮುಂದಿನ ಸೀಟುಗಳಲ್ಲಿ ಅಲ್ಲಾಡದೆ ಕೂತೆವು. ಮುಕ್ಕಾಲು ಗಂಟೆ ಹೀಗೇ ಹೋಗಿರಬೇಕು.

ಆಮೇಲೆ ಹಿಂದಿನಿಂದ ನಿದ್ದೆಗಣ್ಣಿನ ದನಿ ಕೇಳಿತು. "ಇನ್ನೂ ಎಷ್ಟು ದೂರ ಐತಪ್ಪ?"

"ಬಂದ್ಬುಟ್ಟೊ ಮಗಾ," ಎಂದೆ. "ನೀನು ಮಲಕ್ಕೊ."