ಅಡ್ಡಹೆಸರು ಅಂಕಲಗಿ

ಗೋಕಾಕದ ನಮ್ಮ ಆಫೀಸಿನ ಸಾಹೇಬರಿಗೆ ಒಂದು ಚಟ ಇತ್ತು. ಇತಿಹಾಸ ಚೊಕ್ಕ ಇರಬೇಕು. ಕುಡದ ಚಹಾದ ಕಪ್ಪು ಟೇಬಲ್ ಮ್ಯಾಲೆ ಮೂರು ದಿನ ಕುಂತರೂ ನಡೀತಿತ್ತು. ಆದರ ಪ್ರೋಗ್ರಾಮಿನ್ಯಾಗ ಯಾರು ಯಾವಾಗ ಏನು ತಿದ್ದಿದ್ರು ಅನ್ನೂ ದಾಖಲೆ ಮಾತ್ರ ದಾರ ಹಿಡದಂಗ ನೆಟ್ಟಗಿರಬೇಕು.

ಹುಕ್ಕೇರಿ, ಮೂಡಲಗಿ ಎರಡೂ ಕಡೆ ಶಾಖೆ ಇದ್ದ, ರಕ್ತ ತಪಾಸಣಿ ಮಾಡೂ ಲ್ಯಾಬೊಂದಕ್ಕ ನಾವು ರಿಪೋರ್ಟಿನ ಪ್ರೋಗ್ರಾಮ್ ಮಾಡತಿದ್ವಿ. ಸಾಹೇಬರು ಹುಕ್ಕೇರಿ ಲ್ಯಾಬಿಗೆ ಬೇಕಾದ್ದನ್ನ ತಿದ್ದಾಕತ್ತಿದ್ರು, ನಾ ಮೂಡಲಗಿಯೊಳಗ ಕುಂತು ಅಲ್ಲಿಗೆ ಬೇಕಾದ್ದನ್ನ. ಹಿಂಗಾಗಿ ಒಂದ ಪ್ರೋಗ್ರಾಮಿಗೆ ಎರಡು ಹಾದಿ, ಎರಡು ಬ್ಯಾರೆ ಬ್ಯಾರೆ ಪ್ರತಿ ಆದ್ವು.

ಮೂಡಲಗಿ ಲ್ಯಾಬ್ ನಡಸೂ ಬಾಯಾರು ಮೊದಲನೇ ದಿನಾನ ಹೇಳಿದ್ರು: "ತಂಗಿ, ಇಲ್ಲಿ ಒಂದ ಹೆಸರಿನವರು ಹತ್ತು ಮಂದಿ ಬರ್ತಾರ. ಅಡ್ಡಹೆಸರು ಅಂಕಲಗಿ ಅಂದ್ರ ಅಂಕಲಗಿಯೊಳಗ ಇರ್ತಾರಂತ ತಿಳಕೋಬ್ಯಾಡ. ಇರೂ ಊರು ಕೇಳಲಾರದ ರಿಪೋರ್ಟ್ ಕೊಡಬಾರದು." ನಾ ಹಂಗ ಪ್ರೋಗ್ರಾಮಿನ್ಯಾಗ ಊರು ಕೇಳೂ ಪ್ರಶ್ನಿ ಹಾಕಿದೆ. ಅವರ ಮಾತನ್ನ ಅವರಾಡಿದಂಗ ದಾಖಲೆದಾಗ ಬರದು, ಕಡೀಕ "ಇದನ್ನ ತಗೀಬ್ಯಾಡ್ರಿ" ಅಂತ ಸೇರಿಸಿದೆ.

ಎರಡೂ ಹಾದಿ ಕೂಡಸೂ ದಿನ ಬಂತು. "ಮರ್ಜ್ ಮಾಡೂಣ್ರಿ ಸರ್," ಅಂದೆ. ಅಂದ್ರ ಎರಡನ್ನೂ ಇದ್ದಂಗ ಇಟ್ಟು, ಕೂಡಿದಲ್ಲಿ ಗಂಟು ಹಾಕೂದು. ಸಾಹೇಬರಿಗೆ ಗಂಟು ಅಂದ್ರ ಹೇಸಿಗಿ. ಅವರಿಗೆ ರಿಬೇಸ್ ಬೇಕು: ನನ್ನ ಕೆಲಸ ಕಿತ್ತು, ಅವರದು ಮುಗದ ಮ್ಯಾಲೆ ನಾ ಶುರು ಮಾಡಿದಂಗ ನಾಟೂದು. ಸುಳ್ಳು, ಆದರ ನೆಟ್ಟಗಿನ ಸುಳ್ಳು. ಅಷ್ಟಕ್ಕ ಬಿಟ್ರ? ನಾನು ದಾಖಲೆದಾಗ ಬರದಿದ್ದನ್ನೆಲ್ಲಾ ಹಿಂಡಿ ಒಂದ ಸಾಲು ಮಾಡಿದ್ರು: "ಮೂಡಲಗಿ ಬದಲಾವಣೆಗಳು."

"ಹಳ್ಳಿ ಮಾತು ದಾಖಲೆದಾಗ ಯಾಕ? ನೋಡಿದವರು ನಗ್ತಾರ," ಅಂದ್ರು. ನನಗೂ ಆಗ ನನ್ನ ಮಾತಿನ ನಾಚಿಕಿ ಬಂದು ಹೂಂ ಅಂದೆ. ಹಂಗ ಹೂಂ ಅಂದದ್ದಕ್ಕ ಇವತ್ತಿಗೂ ನನ್ನ ಮ್ಯಾಲೆ ನನಗ ಸಿಟ್ಟೈತಿ.

ತಿಂಗಳಾದ ಮ್ಯಾಲೆ, ನನ್ನ ಒಂದು ಮಾತು ಕೇಳಲಾರದ, ಊರಿನ ಪ್ರಶ್ನಿ ತಗದ್ರು. ಅಡ್ಡಹೆಸರಿನ್ಯಾಗ ಊರು ಇದ್ದೇ ಐತಿ, ಎರಡೆರಡು ಸಲ ಯಾಕ ಅಂತ. ಶಾಣ್ಯಾತನ ನೋಡ್ರಿ. ಗೋಕಾಕದಾಗ ಹುಟ್ಟಿ ಬೆಳದವರು ಇವರು.

ಹೆಸರು, ಅಡ್ಡಹೆಸರು ಎರಡೂ ಒಂದ ಇದ್ದ ಇಬ್ಬರ ರಿಪೋರ್ಟ್ ಅದಲಬದಲಾದ್ವು. ಸಕ್ಕರಿ ಕಾಯಿಲೆ ಇದ್ದ ಮೇಲವಂಕಿಯ ಹೆಣ್ಮಗಳಿಗೆ ಎಲ್ಲಾ ಬರೋಬರಿ ಐತಂತ ಕಾಗದ ಹೋತು. ಆಕಿ ಖುಷಿಲೆ ಗುಳಿಗಿ ಬಿಟ್ಲು. ಎಂಟು ದಿನಕ್ಕ ಕಣ್ಣಿಗೆ ಕತ್ತಲಿ ಬಂದು ಹೊಲದಾಗ ಬಿದ್ಲು. ಉಳದ್ಲು, ಪುಣ್ಯಾ.

ಬಾಯಾರ ಫೋನ್ ಬಂದ ದಿನ ಸಾಹೇಬರು ನನ್ನ ಕರದು ದಾಖಲೆ ತೋರಿಸಿದ್ರು. ನೆಟ್ಟಗ, ಚೊಕ್ಕ. "ಊರು ಯಾಕ ಕೇಳಬೇಕಂತ ಎಲ್ಲೂ ಬರದಿಲ್ಲಲ್ಲ ನೀ?"

ನನ್ನ ಲ್ಯಾಪ್‌ಟಾಪಿನ್ಯಾಗ ನನ್ನ ಹಳೆ ಹಾದಿ ಇದ್ದಂಗ ಇತ್ತು. ತಗದು ಅವರ ಮುಂದ ಇಟ್ಟೆ. ಬಾಯಾರ ಮಾತು, ಅದರ ಕೆಳಗ "ಇದನ್ನ ತಗೀಬ್ಯಾಡ್ರಿ." ಬಾಳ ಹೊತ್ತು ಓದಿದ್ರು.

"ಇದರಾಗ ಕಾಗುಣಿತ ತಪ್ಪೈತಿ," ಅಂದ್ರು.